ಚಾಚಾ ಬರೆದುಕೊಟ್ಟ ಅಂದಾಜು

ಚಾಚಾನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಎಂದೋ ಕಲ್ಲು ಬಿದ್ದು ಹೋದದ್ದು ಮತ್ತೆ ಬಂದಿರಲಿಲ್ಲ. ಆ ಬೋಳು ಬೆರಳಿನಿಂದಲೇ ಅವರು ಎರೆಮಣ್ಣನ್ನು ನಾದಿ ಲಿಂಬೆಹಣ್ಣಿನಷ್ಟು ಉಂಡೆ ಮಾಡುತ್ತಿದ್ದರು. ಮನೆ ಕಟ್ಟಿಸುವವರು ಯಾರೇ ಕರೆದರೂ, ಖರ್ಚಿನ ಮಾತಿಗೆ ಮೊದಲು ಆ ಜಾಗದ ಮಣ್ಣಿನ ಉಂಡೆಯೊಂದನ್ನು ಬಿಸಿಲಿಗಿಟ್ಟು ಹೋಗುವುದು ಊರೆಲ್ಲ ಚಾಚಾ ಎನ್ನುತ್ತಿದ್ದ, ತುರ್ವಿಹಾಳದ ಈ ಮನೆ ಕಟ್ಟುವ ಗೌಂಡಿಯ ಪದ್ಧತಿ. ಎರಡು ದಿನ ಬಿಟ್ಟು ಬಂದು, ಬಿರುಕು ಬಿಟ್ಟ ಉಂಡೆಯನ್ನು ಮಾಲೀಕರ ಕೈಗೆ ಕೊಡುತ್ತಿದ್ದರು. ಲೆಕ್ಕ ಬರೆಯುವುದು ಆಮೇಲೆ.

ನಾನು ಸಿಂಧನೂರಿನ ಅಂಚಿನಲ್ಲಿ, ಭತ್ತದ ಗದ್ದೆ ಮುಚ್ಚಿ ಮಾಡಿದ ಬಡಾವಣೆಯಲ್ಲಿ ಸೈಟು ತೆಗೆದುಕೊಂಡಿದ್ದೆ. ಚಾಚಾ ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಇಡೀ ಮನೆ ಗೀಚಿ, ನನ್ನ ಹೆಂಡತಿಯನ್ನು ಅಡುಗೆಮನೆಯೊಳಗೆ ಕೂರಿಸಿ, ರೊಟ್ಟಿ ಬಡಿಯುವಾಗ ಮೊಣಕೈ ಯಾವ ಗೋಡೆಗೆ ತಾಗುತ್ತದೆ ಎಂದು ಕೇಳಿದರು. ಅವಳು ಒಲಿದುಬಿಟ್ಟಳು. ನಾನು ಒಲಿಯಲಿಲ್ಲ. ಅವರು ಕೊಟ್ಟ ಅಂದಾಜಿನಲ್ಲಿ ಮೂರರಲ್ಲೊಂದು ಪಾಲು ಹಣ ಬುನಾದಿಗೇ ಹೋಗುತ್ತಿತ್ತು. ಎರೆಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ; ಕೆಳಗೆ ಗಟ್ಟಿ ಗರಸಿನ ಪದರ ಸಿಗುವ ತನಕ ಅಗೆಯಬೇಕಂತೆ. ಲಿಂಗಸುಗೂರಿನಲ್ಲಿ ನನ್ನ ಷಡ್ಡಕ ಎರಡಂತಸ್ತು ಎಬ್ಬಿಸಿ ಮುಂದೆಲ್ಲ ಗಾಜು ಹಾಕಿಸಿದ್ದ. ನೆಲದೊಳಗೆ ಹೂತ ದುಡ್ಡನ್ನು ಯಾರು ನೋಡುತ್ತಾರೆ?

"ಮ್ಯಾಲಿನ ಅಂತಸ್ತು ಬಿಡ್ರಿ ಸರ, ಮುಂದ ಯಾವಾಗರ ಕಟ್ಟಿಸ್ರಿ. ಬುನಾದಿ ಮುಂದ ಕಟ್ಟಾಕ ಬರಂಗಿಲ್ಲ," ಎಂದರು.

ಕಂಪ್ಯೂಟರಿನಲ್ಲಿ ಬಣ್ಣದ ಚಿತ್ರ ತೋರಿಸಿದ ಗುತ್ತಿಗೆದಾರನೊಬ್ಬ ಅರ್ಧ ಆಳಕ್ಕೆ ಒಪ್ಪಿದ. ಕೆಲಸ ಅವನಿಗೆ ಕೊಟ್ಟೆ. ಅಷ್ಟಕ್ಕೇ ಬಿಟ್ಟಿದ್ದರೆ ನನ್ನ ಪೆದ್ದುತನ ನನ್ನಲ್ಲೇ ಇರುತ್ತಿತ್ತು. ಚಾಚಾನನ್ನು ಯಾಕೆ ಬಿಟ್ಟಿರಿ ಎಂದು ನಾನು ಕಲಿಸುವ ಶಾಲೆಯ ಉಳಿದ ಮಾಸ್ತರರು ಕೇಳಿದಾಗ, ಷಡ್ಡಕನ ಮೇಲಿನ ಹೊಟ್ಟೆಕಿಚ್ಚು ಎನ್ನಲಾದೀತೆ? ಕಬ್ಬಿಣ, ಸಿಮೆಂಟು ಹೆಚ್ಚು ಬರೆದು ಅಂಗಡಿಯವರಿಂದ ಪಾಲು ಹೊಡೆಯುತ್ತಾನೆ ಎಂದುಬಿಟ್ಟೆ. ಅಪ್ಪಟ ಸುಳ್ಳು. ಮನೆ ಕಟ್ಟಿಸಲು ಅವರನ್ನು ಗೊತ್ತುಮಾಡಿದ್ದ ಇಬ್ಬರು ಮಾಸ್ತರರು ಹಿಂದೆ ಸರಿದರು. ಅವರ ಬಾಯಿಂದ ಕೇಳಿ ಇನ್ನಷ್ಟು ಜನ ಸರಿದರು.

ಹೊಸ ಮನೆ ಹೊಕ್ಕ ಎರಡನೇ ಮಳೆಗಾಲದಲ್ಲಿ, ಪಕ್ಕದ ಗದ್ದೆಗಳಿಗೆ ಕಾಲುವೆ ನೀರೂ ಬಂದಾಗ, ನನ್ನ ನಡುಮನೆಯ ನೆಲ ಉಬ್ಬಿತು. ಗೋಡೆಯ ಬಿರುಕಿನಲ್ಲಿ ಬೆರಳು ಹೋಗುತ್ತಿತ್ತು. ಗುತ್ತಿಗೆದಾರ ಫೋನು ಎತ್ತಲಿಲ್ಲ. ಚಾಚಾನನ್ನು ಹುಡುಕಿಕೊಂಡು ಹೋದರೆ, ಅವರು ಪಾಮನಕಲ್ಲೂರಿನಲ್ಲಿ, ತಮ್ಮ ಕೈಯಲ್ಲೇ ಕಲಿತವನೊಬ್ಬನ ಕೆಳಗೆ ದಿನಗೂಲಿಗೆ ಗೋಡೆ ಗಿಲಾವು ಮಾಡುತ್ತಿದ್ದರು.

ಕರೆದ ಕೂಡಲೇ ಬಂದರು. ಬೈಯಲಿಲ್ಲ. ಮನೆಯನ್ನು ಒಂದು ಸುತ್ತು ನೋಡಿ, "ಮನಿ ರಿಪೇರಿ ಆಗ್ತದರಿ. ನನ್ನ ಹೆಸರಿಂದು ಹ್ಯಾಂಗ ಮಾಡ್ತೀರಿ?" ಎಂದರು.

ಎಲ್ಲರ ಮುಂದೆ ನಿಜ ಹೇಳುತ್ತೇನೆ ಎಂದು ಅವರ ಕೈ ಹಿಡಿದುಕೊಂಡೆ. ಅವರು ಮೂಲೆಮೂಲೆಗೆ ಅಗೆದು, ಗರಸಿನ ತನಕ ಕಂಬ ಇಳಿಸಿ ಮನೆ ಉಳಿಸಿದರು. ನಾನು ಹೇಳಲಿಲ್ಲ. ಇವತ್ತು, ನಾಳೆ ಎನ್ನುತ್ತ ನಾಲ್ಕು ವರ್ಷ ದೂಡಿದೆ. ಅವರ ಕಂಬಗಳ ಮೇಲೆ ಮಲಗಿ ನಿದ್ದೆಯನ್ನೂ ಮಾಡಿದೆ ಎನ್ನುವುದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಿದೆ.

ಕಳೆದ ಬೇಸಿಗೆಯಲ್ಲಿ ಚಾಚಾ ತೀರಿಕೊಂಡರು. ಅಂದು ಹಿಂದೆ ಸರಿದಿದ್ದ ಮಾಸ್ತರರೊಬ್ಬರೂ ನನ್ನ ಜೊತೆ ಮಣ್ಣಿಗೆ ಬಂದಿದ್ದರು. ಸಿಂಧನೂರಿನ ಬಸ್ಸಿಗೆ ಕಾಯುವಾಗ ಅವರು, "ಮುದುಕನ ಕೆಲಸ ಭಾರಿ ಇತ್ರಿ. ಲೆಕ್ಕದಾಗ ಒಂದೀಟು ಕಳ್ಳ ಇದ್ದ ಅಂತಾರ, ಹೌದೇನ್ರಿ?" ಎಂದರು. ನಮ್ಮನ್ನು ಬಸ್ಸು ಹತ್ತಿಸಲು ಬಂದಿದ್ದ ಚಾಚಾನ ಮಗ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ.

"ಹಂಗಂತಾರ್ರಿ," ಎಂದೆ.