ಕೊನೆಯ ಬಾಗಿಲು ನನ್ನ ಹೆಸರಿನಲ್ಲಿತ್ತು

ನಮ್ಮಣ್ಣನನ್ನು ಊರೆಲ್ಲ ಬೂತಣ್ಣ ಎಂದೇ ಕರೆಯುವುದು. ಬಸ್ ನಿಲ್ದಾಣದ ಎದುರು ಹದಿನೆಂಟು ವರ್ಷ ಟೆಲಿಫೋನ್ ಬೂತ್ ನಡೆಸಿದವನು. ಗಿರಾಕಿ ರಿಸೀವರ್ ಎತ್ತಿದ ಕೂಡಲೇ ಸ್ಟೂಲ್ ಬಿಟ್ಟೆದ್ದು ಹೊರಗೆ ಹೋಗಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಮಳೆಯಿದ್ದರೆ ಕೊಡೆ ಹಿಡಿದು. ಯಾರು ಯಾರಿಗೆ ಏನು ಹೇಳಿದರೆಂದು ಮನೆಯಲ್ಲಿ ಒಂದು ದಿನವೂ ಬಾಯಿ ಬಿಟ್ಟವನಲ್ಲ. ಮನೆಯಲ್ಲಿ ಇರುವವರು ಅಣ್ಣ ತಂಗಿ ನಾವಿಬ್ಬರೇ, ನನಗೋ ಕೇಳುವ ಚಪಲ. ಏನೂ ಪ್ರಯೋಜನವಾಗಲಿಲ್ಲ.

ಮೊಬೈಲ್ ಬಂದು ಬೂತ್ ಮುಚ್ಚಿತು. ಅಣ್ಣ ಫೋನ್ ರಿಪೇರಿಗೆ ಕೂತ. ಅಲ್ಲಿಗೆ ಬರುತ್ತಿದ್ದ ಕಾಲೇಜು ಮೇಷ್ಟ್ರೊಬ್ಬರು ಅವನ ತಲೆಗೆ ಹುಳ ಬಿಟ್ಟರು. ಇಂಟರ್ನೆಟ್ಟಿನಲ್ಲಿ ಗುರುತು ಮರೆಸಿಕೊಳ್ಳಬೇಕಾದವರಿಗೆ ಒಂದು ಜಾಲ ಇದೆಯಂತೆ. ಅವರ ಮಾತು ನೇರವಾಗಿ ಹೋಗದೆ ಮೂರು ಕಂಪ್ಯೂಟರ್ ದಾಟಿ ಹೋಗುತ್ತದೆ. ಯಾರ ಮಾತೆಂದು ಕೊನೆಯವನಿಗೂ ತಿಳಿಯದು. ಅವನ್ನು ನಡೆಸುವವರು ನಮ್ಮಂಥವರೇ, ಬಿಟ್ಟಿ ಸೇವೆ. ಅಣ್ಣನಿಗೆ ಕಳೆದುಹೋದ ಬೂತ್ ಸಿಕ್ಕಂತಾಯಿತು. ಬಟ್ಟೆ ಬೀರುವಿನ ಮೇಲೆ ಒಂದು ಹಳೆಯ ಕಂಪ್ಯೂಟರ್ ಗುಂಯ್‌ಗುಡತೊಡಗಿತು.

ಎರಡು ವರ್ಷ ಆ ಮೂರರಲ್ಲಿ ನಡುವಿನ ಕಂಪ್ಯೂಟರನ್ನು ನಡೆಸಿದ, ತಂಟೆಯಿಲ್ಲ. ಹೊರಬಾಗಿಲಿನಂಥ ಕೊನೆಯದಕ್ಕೆ ಮಾತ್ರ ಜನ ಸಿಗುವುದಿಲ್ಲವೆಂದು ಆಮೇಲೆ ಅದನ್ನೇ ವಹಿಸಿಕೊಂಡ. ಹೊರಗಿನವರಿಗೆ ಕಾಣುವುದು ಅದೊಂದರ ವಿಳಾಸ, ಯಾವ ಪುಂಡ ಏನು ಮಾಡಿದರೂ ಪೊಲೀಸರು ಬರುವುದು ಅಲ್ಲಿಗೆ. ಅನುಭವಸ್ಥರು ಅದನ್ನು ಮನೆಯಲ್ಲಿ ಇಡುವುದೇ ಇಲ್ಲ. ವಿಷಯ ತಿಳಿದ ಕಂಪನಿಯಲ್ಲಿ ಬಾಡಿಗೆ ಯಂತ್ರ ಹಿಡಿದು, ಇಲ್ಲಿ ಹಾದುಹೋಗುವುದು ನಮ್ಮ ಮಾತಲ್ಲ ಎಂದು ಆ ವಿಳಾಸ ತೆರೆದವರಿಗೆ ಕಾಣುವಂತೆ ಸೂಚನೆ ಹಾಕುತ್ತಾರೆ. ಅಣ್ಣ ಸೂಚನೆಯನ್ನೇನೋ ಹಾಕಿದ, ತನ್ನ ಹೆಸರು, ಅಂಗಡಿ ನಂಬರ್ ಸಮೇತ. ಯಂತ್ರವನ್ನು ಮಾತ್ರ ಮನೆಯಲ್ಲೇ ಬಿಟ್ಟ. ಬೂತಿನವನು ಬೂತಿನ ಪಕ್ಕದಲ್ಲೇ ಇರಬೇಕೆಂಬುದು ಅವನ ಹಟ. ಮನೆಯ ಇಂಟರ್ನೆಟ್ ಲೈನ್ ನನ್ನ ಹೆಸರಿನಲ್ಲಿದೆ ಎಂಬುದು ಮಹಾಶಯನಿಗೆ ಮರೆತೇ ಹೋಗಿತ್ತು.

ಒಂದು ಬೆಳಿಗ್ಗೆ ಆರೂವರೆಗೆ ಬಂದ ಪೊಲೀಸರು ಕೇಳಿದ್ದು ನನ್ನನ್ನು. ಯಾವನೋ ಒಬ್ಬ ಹುಡುಗಿಯ ಮುಖಕ್ಕೆ ಬೇರೆ ಮೈ ಅಂಟಿಸಿ ಚಿತ್ರ ಹಂಚಿದ್ದ. ಜಾಡು ನಮ್ಮ ಮನೆಗೆ ಬಂದು ನಿಂತಿತ್ತು. ಅಣ್ಣನ ಯಂತ್ರ, ನನ್ನ ಲ್ಯಾಪ್‌ಟಾಪ್, ಇಬ್ಬರ ಫೋನು ಎಲ್ಲ ಚೀಲ ಸೇರಿದವು. ನಾನು ಹೆರಿಗೆ ವಾರ್ಡಿನ ನರ್ಸ್. ಸಂಜೆಯೊಳಗೆ ವಿಷಯ ಆಸ್ಪತ್ರೆಗೆ ಮುಟ್ಟಿ, ಪೊಲೀಸರು ನನ್ನ ಹೆಸರು ಕೈಬಿಡುವವರೆಗೆ ಡ್ಯೂಟಿಗೆ ಬರಬೇಡ ಎಂದು ಅಲ್ಲಿಯವರು ಹೇಳಿದರು. ತಿಂಗಳೊಳಗೆ ಕೈಬಿಡದಿದ್ದರೆ ಇಪ್ಪತ್ತೊಂದು ವರ್ಷದ ಕೆಲಸಕ್ಕೆ ಎಳ್ಳುನೀರು.

ನಾನು ಅಣ್ಣನ ಮೇಲೆ ಹರಿಹಾಯ್ದೆ. "ನನ್ನ ಕೆಲಸ ಹಾಗಿರಲಿ, ಆ ಹುಡುಗಿಗೆ ಏನು ಹೇಳ್ತೀಯ? ಬೆನ್ನು ತಿರುಗಿಸಿ ನಿಂತಿದ್ದೆ ಅಂತೀಯಾ?"

"ಹೊಡೆಯೋ ಗಂಡನ ಕಣ್ಣು ತಪ್ಪಿಸಿ ಸಹಾಯ ಕೇಳೋರೂ ಇದೇ ದಾರೀಲಿ ಬರ್ತಾರೆ," ಎಂದ ಅಣ್ಣ. "ಆದ್ರೆ ಆ ಹುಡುಗಿಗೆ ಹೇಳೋಕೆ ನನ್ನ ಹತ್ರ ಏನೂ ಇಲ್ಲ."

ವಕೀಲರು ಅಣ್ಣನಿಗೆ ಖಂಡತುಂಡವಾಗಿ ಹೇಳಿದರು. "ಬರೀ ದಾಟಿಸಿದವನಿಗೆ ಕಾನೂನಲ್ಲಿ ರಕ್ಷಣೆ ಇದೆ. ಅದು ಸಾಬೀತಾಗೋಕೆ ವರ್ಷಾನುಗಟ್ಟಲೆ ಹಿಡಿಯುತ್ತೆ. ಅಲ್ಲೀವರೆಗೆ ತುಟಿ ಬಿಚ್ಚಬೇಡಿ, ಯಾವುದಕ್ಕೂ ಸಹಿ ಹಾಕಬೇಡಿ. ಯಾರದು ಅಂತ ಅವರೇ ಹುಡುಕ್ಕೊಳ್ಳಲಿ."

"ಅಲ್ಲೀವರೆಗೆ ಇವಳ ಕೆಲಸ?" ಎಂದ ಅಣ್ಣ. ವಕೀಲರು ಕನ್ನಡಕ ಒರೆಸಿಕೊಂಡರು.

ಬಾಯಿ ಬಿಡದಿರುವುದರಲ್ಲಿ ನಮ್ಮಣ್ಣನನ್ನು ಮೀರಿಸುವವರಿಲ್ಲ. ಅಂಥವನು ಮರುದಿನ ಒಬ್ಬನೇ ಠಾಣೆಗೆ ಹೋಗಿ, ಯಂತ್ರ ತನ್ನದು, ತಂಗಿಗೆ ಅದರ ಸ್ವಿಚ್ ಕೂಡ ಗೊತ್ತಿಲ್ಲ ಎಂದು ಮೂರು ಪುಟ ಬರೆದು ಸಹಿ ಹಾಕಿ ಬಂದ. ಹಾದುಹೋದವರು ಯಾರೆಂದು ಕೇಳಿದ್ದಕ್ಕೆ, ಗೊತ್ತಿಲ್ಲ, ಗೊತ್ತಾಗುವಂತೆ ಇಟ್ಟೂ ಇಲ್ಲ ಎಂದನಂತೆ. ವಕೀಲರು ತಲೆ ಚಚ್ಚಿಕೊಂಡರು.

ಹನ್ನೊಂದನೇ ದಿನ ನನ್ನ ಹೆಸರು ಬಿಟ್ಟ ಕಾಗದ ಬಂತು, ಜೊತೆಗೆ ನನ್ನ ಫೋನು. ಅಣ್ಣನ ಹೆಸರು ಕೇಸಿನಲ್ಲೇ ಉಳಿಯಿತು. ವಾರಕ್ಕೊಮ್ಮೆ ಠಾಣೆಯಲ್ಲಿ ಹಾಜರಿ, ಊರು ಬಿಡುವಂತಿಲ್ಲ, ಜೈಲು ತಪ್ಪೀತೆಂಬ ಭರವಸೆಯೂ ಇಲ್ಲ. ಅವನು ಅದೇ ದಿನ ಹೋಗಿ ಮನೆಯ ಲೈನನ್ನು ತನ್ನ ಹೆಸರಿಗೆ ಬರೆಸಿಕೊಂಡು ಬಂದ.

ಮರುದಿನ ಮಧ್ಯಾಹ್ನ ಇಬ್ಬರೂ ಊಟಕ್ಕೆ ಕೂತಿದ್ದಾಗ ಆಸ್ಪತ್ರೆಯಿಂದ ಫೋನ್ ಬಂತು. ನಾನು ಹಲೋ ಎನ್ನುವಷ್ಟರಲ್ಲಿ ಅಣ್ಣ ತಟ್ಟೆ ಬಿಟ್ಟೆದ್ದು ಹೊರಗೆ ಹೋಗಿ ಬಿಸಿಲಲ್ಲಿ ಬೆನ್ನು ತಿರುಗಿಸಿ ನಿಂತ. ತನ್ನ ತಲೆ ಕೊಟ್ಟು ಉಳಿಸಿದ ಕೆಲಸದ ಸುದ್ದಿ ಅದು. ಅದನ್ನೂ ಕದ್ದು ಕೇಳಲೊಲ್ಲ.

ಮಾತು ಮುಗಿಸಿ ಬಾಗಿಲಿಗೆ ಹೋದೆ. ಏನಂದರು ಎಂದು ಅವನು ಕೇಳಲಿಲ್ಲ.

"ನಾಳೆಯಿಂದ ಡ್ಯೂಟಿ," ಎಂದು ನಾನೇ ಹೇಳಿದೆ.

ತಲೆಯಾಡಿಸಿದ, ಆದರೆ ಈ ಕಡೆ ತಿರುಗಲಿಲ್ಲ. ನಾನು ಒಳಗೆ ಬಂದು ಅವನ ತಟ್ಟೆ ಮುಚ್ಚಿಟ್ಟು, ಬಾಗಿಲಿಗೆ ಬೆನ್ನು ಹಾಕಿ ಕೂತೆ.