ಬಾಳೆಕಾಯಿ, ಹಂದಿ ಮತ್ತು ಬರಲಿರುವ ಅಳಿಯ

ಅಡುಗೆಮನೆಯ ಕಟ್ಟೆಯ ಮೇಲಿಟ್ಟ ಬಾಳೆಕಾಯಿ ನಾವು ನೋಡುತ್ತಿರುವಷ್ಟು ಹೊತ್ತು ಹಸಿರಾಗಿಯೇ ಇದ್ದು, ಬೆನ್ನು ತಿರುಗಿಸಿದೊಡನೆ ಹಳದಿಯಾಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಆದ್ದರಿಂದಲೇ ಕಳೆದ ತಿಂಗಳು ವಿಂಡಮ್ ವೇಲ್‌ನ ನಮ್ಮ ಮನೆಯಲ್ಲಿ ಆರು ಬಾಳೆಕಾಯಿಗಳಿಗೆ ಮೂರು ದಿನ ಕಾವಲು ನಿಂತಿದ್ದೆ.

ಚಿಂತೆ ನನ್ನ ನಿತ್ಯಕರ್ಮ. ಈ ಸಲ ಮಾತ್ರ ಅದಕ್ಕೊಂದು ಗೌರವಯುತ ಕಾರಣವಿತ್ತು. ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ ಕೆಲಸ ಮಾಡುವ ಮಗಳು ರಿಯಾ, ತಾನು ಮದುವೆಯಾಗಲಿರುವ ಪೋರ್ಟೊ ರಿಕೊ ದ್ವೀಪದ ಲೂಯಿಸ್‌ನನ್ನು ಮೊದಲ ಬಾರಿಗೆ ಭಾನುವಾರದ ಊಟಕ್ಕೆ ಕರೆತರುವವಳಿದ್ದಳು. ಅವನು ಅತಿಥಿಯಂತೆ ಕುರ್ಚಿಯ ತುದಿಯಲ್ಲಿ ಕೂತೆದ್ದು ಹೋದರೆ ಮಗಳೂ ಮುಂದೆ ಹಾಗೆಯೇ ಬಂದುಹೋಗುವವಳಾದಾಳು ಎಂದು ನನಗೆ ಭಯ. ಅದಕ್ಕೇ ಅವನೂರಿನ ಮೊಫೊಂಗೊ ಮಾಡಲು ಹೊರಟೆ: ಕರಿದ ಬಾಳೆಕಾಯಿಯನ್ನು ಬೆಳ್ಳುಳ್ಳಿ, ಗರಿಗರಿ ಹಂದಿ ತುಂಡುಗಳೊಂದಿಗೆ ಕುಟ್ಟಿ ಕಟ್ಟುವ ಉಂಡೆ. ಬಾಳೆಕಾಯಿ, ಹಂದಿ, ಕುಟ್ಟಾಣಿ ಮೂರೂ ಮಂಗಳೂರಿನ ಕ್ರೈಸ್ತನಾದ ನನಗೆ ಬಾಲ್ಯಸ್ನೇಹಿತರು, ದ್ವೀಪವೊಂದೇ ಅಪರಿಚಿತ.

ಆದರೆ ಹಂದಿಯನ್ನು ಮುನ್ನಾದಿನವೇ ಬೇಯಿಸಿಡುವುದು ನಮ್ಮವರ ಪದ್ಧತಿ. ಮಸಾಲೆ ಹಿಡಿದು ಮರುದಿನವೇ ಅದಕ್ಕೆ ನಿಜವಾದ ರುಚಿ. ಅಂದು ಬೇಯಿಸಿದ್ದನ್ನು ಅಂದೇ ಬಡಿಸುವವರನ್ನು ನನ್ನ ತಾಯಿ ಅನುಕಂಪದಿಂದ ನೋಡುತ್ತಿದ್ದರು. ಈ ಪರಂಪರೆಗೆ ತಲೆಬಾಗಿ ಹೆಂಡತಿ ಲವೀನಾ ಶನಿವಾರವೇ ಹಂದಿಯ ಗಟ್ಟಿ ಸಾರು, ಅಂದರೆ ಗಸಿ, ಮಾಡಿಟ್ಟಳು. ನಾನೂ ಶನಿವಾರವೇ ಮೊಫೊಂಗೊ ಕುಟ್ಟಿ ಫ್ರಿಜ್ಜಿನಲ್ಲಿಟ್ಟೆ.

ಭಾನುವಾರ ಬಿಸಿ ಮಾಡಿ ಬಡಿಸಿದಾಗ ಉಂಡೆ ತಟ್ಟೆಯ ಮೇಲೆ ಟಣ್ ಎಂದಿತು.

“ಪಪ್ಪಾ, ಇಟ್ಸ್ ಮೆಂಟ್ ಟು ಬಿ ಫ್ರೆಶ್,” ಎಂದಳು ರಿಯಾ, ಚಮಚ ಕೆಳಗಿಟ್ಟು.

“ಗಾಳಿಗೆ ಗೇಟ್ ಬಡಿಯದ ಹಾಗೆ ಅಡ್ಡ ಇಡ್ಲಿಕ್ಕೆ ಆಗ್ತದೆ ಮಾರಾಯ್ರೆ,” ಎಂದಳು ಲವೀನಾ.

ಲೂಯಿಸ್ ಎದ್ದ. ಹೊರಟೇಬಿಟ್ಟನೆಂದುಕೊಂಡೆ. ಅವನು ಹೋದದ್ದು ಅಡುಗೆಮನೆಗೆ. ಉಂಡೆಗಳನ್ನು ಕುಟ್ಟಾಣಿಗೆ ಹಾಕಿ ಪುಡಿಮಾಡಿದ. ಯಾರನ್ನೂ ಕೇಳದೆ ಪಾತ್ರೆಗಳ ಮುಚ್ಚಳ ತೆಗೆದು ಮೂಸಿ, ನಿನ್ನೆಯ ಗಸಿಯನ್ನು ಕುದಿಯುವಂತೆ ಬಿಸಿಮಾಡಿ ಮೇಲೆ ಸುರಿದ. ಅವರಲ್ಲೂ ಹೀಗೆ ಸಾರು ಹಾಕಿ ತಿನ್ನುವುದುಂಟಂತೆ. ಬಾಳೆಕಾಯಿ ಮೆತ್ತಗಾಯಿತು, ನಾನೂ ಆದೆ. ಎರಡನೆಯ ಸಲ ತಾನೇ ಬಡಿಸಿಕೊಳ್ಳುತ್ತ ಅವನು ಇಂಗ್ಲಿಷಿನಲ್ಲಿ ಹೇಳಿದ: “ಮುಂದಿನ ಸಲ ನೀವು ಬಾಳೆಕಾಯಿ ಕರೀರಿ ಅಂಕಲ್, ಕುಟ್ಟೋದು ನನಗೆ ಬಿಡಿ.”

ಅವರು ಸಿಡ್ನಿಗೆ ಮರಳಿದ ಮೇಲೆ ಕಟ್ಟೆಯ ಮೇಲೆ ಒಂದು ಬಾಳೆಕಾಯಿ ಉಳಿದಿತ್ತು; ಕುಟ್ಟಾಣಿ ಮಾತ್ರ ಎಲ್ಲೂ ಕಾಣಲಿಲ್ಲ. ತೊಳೆದು ಎಲ್ಲೋ ಎತ್ತಿಟ್ಟಿದ್ದಾನೆ, ಮನೆಯವರು ಇಡುವ ಹಾಗೆ. ಲವೀನಾಳನ್ನು ಕೇಳಿದರೆ ಅಳಿಯನನ್ನೇ ಕೇಳಿ ಎಂದಳು. ನಾನು ಫೋನ್ ಹಿಡಿದು, ಬಾಳೆಕಾಯಿಗೆ ಬೆನ್ನು ತಿರುಗಿಸಿ ಕೂತೆ.