ರೈಟರಿನೊಳಗಿನ ಎರಡನೇ ಬೆಳಕು

ಕಾಲೇಜಿನ ಫಿಸಿಕ್ಸ್ ಲ್ಯಾಬಿಗೆ ಸುಣ್ಣ ಬಳಿಯುತ್ತಾರೆಂದು ಬೀರು ಖಾಲಿ ಮಾಡುತ್ತಿದ್ದೆ. ಮೂಲೆ ಒಡೆದ ಪ್ರಿಸಂ, ತುಕ್ಕು ಹಿಡಿದ ತೂಕದ ಬಟ್ಟುಗಳು, ಯಾವ ಕಾಲದವೋ ರೆಕಾರ್ಡ್ ಪುಸ್ತಕಗಳು... ಎಲ್ಲಕ್ಕಿಂತ ಹಿಂದೆ ಒಂದು ಕರಿ ಫಿಲ್ಮ್ ಡಬ್ಬಿ ಸಿಕ್ಕಿತು. ಹಿಂದೆ ಕ್ಯಾಮರಾ ರೀಲು ಬರುತ್ತಿತ್ತಲ್ಲ, ಅಂಥದ್ದು. ಮುಚ್ಚಳದ ಮೇಲೆ ಮಾರ್ಕರಿನಲ್ಲಿ ‘ಕಾಣಲ್ಲ’ ಎಂದು ಬರೆದಿತ್ತು. ತೆರೆದರೆ ತಂತಿ ಬೆಸೆಯುವ ಸೋಲ್ಡರ್ ಪೇಸ್ಟಿನ ಸುಟ್ಟ ವಾಸನೆ, ಅದರ ಹಿಂದೆಯೇ ಊದುಬತ್ತಿಯ ವಾಸನೆ. ಕೈಯಲ್ಲಿದ್ದ ಪೊರಕೆ ಹಾಗೇ ಇಟ್ಟು ಸ್ಟೂಲಿನ ಮೇಲೆ ಕುಳಿತೆ.

ಆ ಅಕ್ಷರ ಊರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರದು, ಸ್ಟುಡಿಯೋದವರು ಎಂದೇ ಎಲ್ಲರೂ ಕರೆಯುತ್ತಿದ್ದರು. ಅವರ ಬಲಗಣ್ಣು ಹೋದದ್ದು ನನ್ನ ಒಂದು ಮಾತಿನಿಂದ. ಆರೇಳು ವರ್ಷ ಇದನ್ನು ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡಿದ್ದೆ, ಈ ಡಬ್ಬಿಯ ಹಾಗೆಯೇ, ಎಲ್ಲಕ್ಕಿಂತ ಹಿಂದೆ.

ಹೊಳೆನರಸೀಪುರದಲ್ಲಿ ಬಸ್ ನಿಲ್ದಾಣದಿಂದ ಪೇಟೆಗೆ ಹೋಗುವ ದಾರಿಯಲ್ಲಿ ಅವರ ಸ್ಟುಡಿಯೋ ಇತ್ತು. ಹಳೇಕೋಟೆಯಲ್ಲಿ ಮದುವೆಯಾಗಲಿ, ಕೊಣನೂರಿನಲ್ಲಾಗಲಿ, ಅತ್ತ ಚನ್ನರಾಯಪಟ್ಟಣದಲ್ಲಾಗಲಿ, ಕ್ಯಾಮರಾ ಹೆಗಲಿಗೇರಿಸಿ ಬಲಗಣ್ಣನ್ನು ಅದಕ್ಕೆ ಒತ್ತಿಕೊಂಡು ಇವರೇ ನಿಂತಿರುತ್ತಿದ್ದರು. ನಾನು ಅವರನ್ನು ಕಂಡದ್ದು ಪಾಸ್‌ಪೋರ್ಟ್ ಸೈಜಿನ ಫೋಟೋಗೆ ಹೋದಾಗ. ಫೋಟೋ ಒಣಗುವವರೆಗೆ ಮಾತಿಗೆ ಮಾತು ಬಂತು. ಲ್ಯಾಬಿನ ಲೇಸರ್ ಕೆಟ್ಟಿದೆ, ಹೊಸದಕ್ಕೆ ಬರೆದ ಅರ್ಜಿ ಎಲ್ಲಿ ಮಲಗಿದೆಯೋ ಗೊತ್ತಿಲ್ಲ ಎಂದೆ. ಅವರು ನಕ್ಕು ಹಿಂದಿನ ಕೋಣೆಯ ಪರದೆ ಸರಿಸಿದರು. ಅಲ್ಲಿ ಹಳೆಯ ಡಿವಿಡಿ ರೈಟರುಗಳು ಇಟ್ಟಿಗೆ ಪೇರಿಸಿದಂತೆ ಗೋಡೆಯುದ್ದಕ್ಕೂ ನಿಂತಿದ್ದವು. ಮದುವೆಯ ಡಿಸ್ಕು ಬರೆದು ಬರೆದು ದಣಿದಂಥವು. ಜನ ಆಗಲೇ ಪೆನ್‌ಡ್ರೈವ್ ಕೇಳಲು ಶುರುಮಾಡಿದ್ದರು.

“ಇವ್ಗಳ ವಟ್ಟೇಲಿ ಸುತ್ತೇಳು ಊರಿನ ಮದ್ವೆ ಅದೆ ಕಣ್ ಮೇಡಂ. ಗುಜ್ರಿಗೆ ಎಂಗಾಕ್ಲಿ? ಒಳಗೆ ಲೇಸರ್ ಅದೆ, ತಕೊಳಿ.”

ಡಿಸ್ಕನ್ನು ಬರೆಯುವುದು ಲೇಸರ್ ಎಂದು ನಾನು ಪಾಠ ಮಾಡುತ್ತಿದ್ದೆ. ಬಿಚ್ಚಿ ನೋಡಿದವಳಲ್ಲ. ನಮ್ಮ ಓದು ಅಷ್ಟೇ.

ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಅಲ್ಲಿಗೆ ಹೋಗುವುದು ಅಭ್ಯಾಸವಾಯಿತು. ಹೊರಗೆ ಸುಡು ಬಿಸಿಲು, ಒಳಗೆ ಕರಿ ಪರದೆಯ ತಂಪು ಕತ್ತಲೆ, ಒಂದು ಟೇಬಲ್ ದೀಪ. ನಾಲ್ಕು ಸ್ಕ್ರೂ ಬಿಚ್ಚಿ, ಲೆನ್ಸು ಕೂತ ಸಣ್ಣ ಗಾಡಿಯನ್ನು ಹಳಿಯಿಂದ ಜಾರಿಸಿ, ಅದರೊಳಗಿಂದ ತೊಗರಿಕಾಳಿನಷ್ಟಿರುವ, ಮೂರು ಕಾಲಿನ ಡಯೋಡನ್ನು ಚಿಮಟದಲ್ಲಿ ಎತ್ತುತ್ತಿದ್ದರು. ಮೊದಮೊದಲು ಎತ್ತಿದ್ದೆಲ್ಲ ಸಾಯುತ್ತಿತ್ತು. ಟೆರಿಕಾಟ್ ಅಂಗಿ ಪ್ಲಾಸ್ಟಿಕ್ ಕುರ್ಚಿಗೆ ಉಜ್ಜಿ ನಿಮ್ಮ ಮೈಯಲ್ಲಿ ಕೂಡುವ ಚೂರು ಕರೆಂಟೂ ಇದಕ್ಕೆ ಸಿಡಿಲೇ ಅಣ್ಣ, ಭೂಮಿಗೆ ಒಂದು ತಂತಿ ಕೊಡಿ ಎಂದೆ. ಮುಂದಿನ ವಾರ ಹೋದರೆ ಬಲಗೈ ಮಣಿಕಟ್ಟಿಗೆ ತಾಮ್ರದ ತಂತಿ ಸುತ್ತಿಕೊಂಡಿದ್ದರು. ಸುಮ್ಮನೆ ಸುತ್ತಿರಲಿಲ್ಲ. ಅದಕ್ಕೊಂದು ಅರಿಶಿನದ ಕೊಂಬು ಕಟ್ಟಿ, ಇನ್ನೊಂದು ತುದಿಯನ್ನು ಕಿಟಕಿಯಾಚೆಯ ಬೋರ್‌ವೆಲ್ ಪೈಪಿಗೆ ಬಿಗಿದಿದ್ದರು. ಸಾವಿರ ಮದುವೆ ಕಂಡ ಮನುಷ್ಯನಿಗೆ ಕೈಗೆ ಕಟ್ಟುವುದು ಎಂದರೆ ಕಂಕಣವೇ. ಗಿರಾಕಿ ಬಂದು ಕೂಗಿದರೆ ಒಳಗಿನಿಂದಲೇ ಉತ್ತರ: “ಆಮ್ಯಾಕ್ ಬನ್ನಿ, ಕಂಕಣ ಕಟ್ಕಂಡಿವ್ನಿ.” ಗಿರಾಕಿ ತಲೆ ಕೆರೆದುಕೊಂಡು ಹೋಗುತ್ತಿದ್ದ. ಅಂದಿನಿಂದ ಒಂದು ಡಯೋಡೂ ಸಾಯಲಿಲ್ಲ.

ಮೊದಲ ಲೇಸರ್ ಹೊತ್ತಿದ ದಿನ ಊದುಬತ್ತಿ ಹಚ್ಚಿದರು. ದೇವರಿಗೋ ಹೊಗೆಗೋ, ನಾನು ಕೇಳಲಿಲ್ಲ. ಹೊಗೆಯೊಳಗೆ ಕೆಂಪು ಗೆರೆ ಮೆಲ್ಲಗೆ ಕಾಣಿಸಿಕೊಂಡಿತು... ಕೋಣೆ ನೀರಿನಡಿ ಇದ್ದಂತೆ ತೇಲುತ್ತಿತ್ತು. ಆ ಗೆರೆಗೆ ಅಡ್ಡಲಾಗಿ ಒಂದು ಕೂದಲು ಹಿಡಿಯಿರಿ ಎಂದೆ. ಅವರ ತಲೆಯಲ್ಲಿ ಹೇಳಿಕೊಳ್ಳುವಂಥದ್ದು ಇರಲಿಲ್ಲ. ಹಿತ್ತಿಲ ಮನೆಗೆ ಹೋಗಿ ಹೆಂಡತಿಯ ಬಾಚಣಿಗೆಯಿಂದ ಒಂದೆಳೆ ತಂದರು. ಗೋಡೆಯ ಮೇಲೆ ಕೆಂಪು ಚುಕ್ಕೆಗಳು ಎರಡೂ ಕಡೆ ಸಾಲುಗಟ್ಟಿದವು. ಆ ಸಾಲಿನ ಅಂತರ ಅಳೆದು ಕೂದಲಿನ ದಪ್ಪ ಲೆಕ್ಕ ಹಾಕಿ ಹೇಳಿದೆ. ಅವರು ನನ್ನ ಲೆಕ್ಕ ಕೇಳಿಸಿಕೊಳ್ಳಲಿಲ್ಲ. ಗೋಡೆಯನ್ನೇ ನೋಡುತ್ತಾ ನಿಂತರು.

“ಇಪ್ಪತ್ತೈದ್ ವರ್ಸ ಕ್ಯಾಮ್ರಾ ಇಡ್ದಿವ್ನಿ. ಅವಳ್ನ ಇಂಗೆ ನೋಡಿರ್ನಿಲ್ಲ,” ಎಂದರು.

ಅಲ್ಲಿಗೆ ಸಾಕು ಅನ್ನಬೇಕಿತ್ತು ನಾನು. ಆಸೆಬುರುಕಿ. ಲ್ಯಾಬಿನ ನಾಲ್ಕು ಮೇಜಿಗೂ ಒಂದೊಂದು ಬೇಕು ಎಂದೆ.

ಕೊರೊನಾ ಬರುವ ಮುಂಚಿನ ಚಳಿಗಾಲ ಅದು. ಆ ದಿನಗಳಲ್ಲೇ ಬೆಳಗಿನ ಹೊತ್ತು ಸೂರ್ಯಗ್ರಹಣವೊಂದು ಬಂತು. ಊರಿನವರು ಬಾಗಿಲು ಹಾಕಿಕೊಂಡರೆ ನಾನು ಕಾಲೇಜಿನ ಮೈದಾನದಲ್ಲಿ ಹುಡುಗರನ್ನು ಸೇರಿಸಿ, ರಟ್ಟಿನ ತೂತಿನಿಂದ ಸೂರ್ಯನ ಬಿಂಬ ತೋರಿಸಿ, ಎಲ್ಲರಿಗೂ ಉಪ್ಪಿಟ್ಟು ತಿನ್ನಿಸಿದೆ. ಮೂಢನಂಬಿಕೆ ಓಡಿಸಿದೆನೆಂದು ಒಳಗೊಳಗೇ ಬೀಗುತ್ತಿದ್ದೆ. ಅದಾದ ಎರಡು ದಿನಕ್ಕೆ ಸ್ಟುಡಿಯೋದವರು ಫೋನ್ ಮಾಡಿದರು.

“ಒಂದು ರೈಟರ್ ಒಳ್ಗೆ ಇನ್ನೊಂದ್ ಡಯೋಡ್ ಸಿಕ್ತು ಮೇಡಂ. ಲೆನ್ಸ್ ಆಕಿವ್ನಿ. ಮಸುಕ್ ಮಸುಕಾಗಿ ಕೆಂಪು ಬತ್ತದೆ, ಅಷ್ಟೇಯ.”

ನಾನು ಪೇಪರ್ ತಿದ್ದುತ್ತಿದ್ದೆ. ತಲೆ ಎತ್ತಲಿಲ್ಲ. “ಕರೆಂಟ್ ಸಾಲದೆ ಇರಬೇಕು ಅಣ್ಣ, ಸ್ವಲ್ಪ ಏರಿಸಿ. ಆಮೇಲೆ ಹತ್ತಿರದಿಂದ ನೋಡಿ,” ಎಂದೆ.

ಮೇಡಂ ಹೇಳಿದ ಮೇಲೆ ಮುಗಿಯಿತು. ಅವರು ಏರಿಸಿದರು, ಹತ್ತಿರದಿಂದ ನೋಡಿದರು.

ಮೂರು ದಿನ ಬಿಟ್ಟು ಕಾಲೇಜಿನ ಗೇಟಿನ ಹತ್ತಿರ ಬಂದು ನಿಂತಿದ್ದರು. “ಬಲಗಣ್ಣಲ್ಲಿ ಯಾರ್ ಮಕ ನೋಡುದ್ರೂ ಮೂಗೇ ಇಲ್ಲ ಕಣ್ ಮೇಡಂ,” ಎಂದು ನಗಲು ನೋಡಿದರು. ನಾನು ಓದಿದ್ದು ಆಗ ನೆನಪಾಯಿತು. ರೈಟರಿನಲ್ಲಿ ಎರಡು ಲೇಸರ್. ಡಿವಿಡಿಗೆ ಕೆಂಪು. ಸಿಡಿಗೆ ಇನ್ನೊಂದು, ಕಣ್ಣಿಗೆ ಹೆಚ್ಚೇನೂ ಕಾಣದ್ದು, ಆದರೆ ಸುಡುವ ಶಕ್ತಿ ಪೂರ್ತಿ ಇರುವಂಥದ್ದು. ಸ್ಟುಡಿಯೋಗೆ ಓಡಿದೆವು. ಆ ಡಯೋಡನ್ನು ಗೋಡೆಗೆ ತಿರುಗಿಸಿ ಹೊತ್ತಿಸಿ, ಕ್ಯಾಮರಾದಲ್ಲಿ ನೋಡಿ ಎಂದೆ. ಬರಿಗಣ್ಣಿಗೆ ಮಸುಕಾಗಿದ್ದ ಚುಕ್ಕೆ ಕ್ಯಾಮರಾದ ಪರದೆಯಲ್ಲಿ ನೇರಳೆ ಬೆರೆತ ಬಿಳುಪಿನಲ್ಲಿ ಕುಕ್ಕುತ್ತಿತ್ತು. ಅವರು ಕ್ಯಾಮರಾ ಕೆಳಗಿಟ್ಟು ಡಯೋಡಿನ ತಂತಿ ಬಿಚ್ಚಿದರು.

ಹಾಸನಕ್ಕೆ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಕಣ್ಣಿನೊಳಗಿನ ಪರದೆ ನಡುವೆ ಸುಟ್ಟಿದೆ, ಮತ್ತೆ ಬರುವುದು ಕಷ್ಟ ಎಂದರು. “ಮೊನ್ನೆ ಗ್ರಹಣ ಏನಾದ್ರೂ ನೋಡಿದ್ರಾ?” ನಾನು ಬಾಯಿ ತೆರೆಯುವಷ್ಟರಲ್ಲಿ ಸ್ಟುಡಿಯೋದವರು “ಊಂ ಸಾ, ನೋಡ್ಬುಟ್ಟೆ” ಎಂದುಬಿಟ್ಟರು. ತೆರೆದ ಬಾಯಿಯನ್ನು ನಾನು ಮುಚ್ಚಿದೆ. ಅದು ನಾನು ಮಾಡಿದ ಎರಡನೇ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು.

ವಾಪಸ್ ಬರುವಾಗ ಕಿಟಕಿಯಾಚೆ ನೋಡುತ್ತಾ ಹೇಳಿದರು: “ನಿಮ್ಮೆಸ್ರು ಬಂದ್ರೆ ಕಾಲೇಜಲ್ಲಿ ಆ ಕಾಗ್ದ ಈ ಕಾಗ್ದ ಅಂತಾರೆ. ಮಕ್ಳ ಪ್ರಯೋಗ ನಿಂತೋಯ್ತದೆ. ಗ್ರಹಣುಕ್ಕೆ ಯಾರೂ ನೋಟೀಸ್ ಕೊಡಕಾಯ್ತದಾ?”

ಸುದ್ದಿ ಊರಿಡೀ ಹಬ್ಬಿತು. ಅಜ್ಜಿಯರಿಗೆ ಹೇಳಲು ಒಂದು ಕಥೆ ಸಿಕ್ಕಿತು: ಗ್ರಹಣ ನೋಡಿ ಸ್ಟುಡಿಯೋದವರ ಗತಿ ಏನಾಯಿತು ನೋಡು. ಮದುವೆ ಮನೆಗಳಲ್ಲಿ ಅವರ ಮುಖಕ್ಕೇ ಹೇಳಿ ಬುದ್ಧಿ ಕಲಿಸುತ್ತಿದ್ದರು. ಅವರು ತಲೆ ತಗ್ಗಿಸಿ, ಕ್ಯಾಮರಾವನ್ನು ಎಡಗಣ್ಣಿಗೆ ಹಿಡಿದುಕೊಳ್ಳುತ್ತಿದ್ದರು. ಎಡಗಣ್ಣಿಗೆ ಆ ಕೆಲಸ ಹೊಸದು. ಚೌಕಟ್ಟು ಒಂದಿಷ್ಟು ವಾಲುತ್ತಿತ್ತು, ಒಬ್ಬೊಬ್ಬರಾಗಿ ಗಿರಾಕಿಗಳು ಬೇರೆ ಕಡೆ ಹೋದರು. ಕೊರೊನಾ ಕಳೆದ ಮೇಲೆ ಬಂದ ಗ್ರಹಣಕ್ಕೆ ನನ್ನ ಮೈದಾನದಲ್ಲಿ ನಾಲ್ಕೇ ಹುಡುಗರು. ಆಗಲೂ ನಾನು ನಿಜ ಹೇಳಲಿಲ್ಲ.

ಆ ಡಯೋಡನ್ನು ಬೆಳ್ಳಿ ಕಾಗದದಲ್ಲಿ ಸುತ್ತಿ, ಡಬ್ಬಿಗೆ ಹಾಕಿ ಅವರೇ ತಂದುಕೊಟ್ಟಿದ್ದರು. “ಮಕ್ಳಿಗೆ ತೋರ್ಸಿ. ಬರಿಗಣ್ಣಲ್ಲಿ ಬ್ಯಾಡ, ಫೋನ್ ಕ್ಯಾಮ್ರಾದಲ್ಲಿ.” ನಾನು ತೋರಿಸಲಿಲ್ಲ. ತೋರಿಸಿದರೆ ಕಥೆ ಹೇಳಬೇಕಾಗುತ್ತಿತ್ತು... ಹೋದ ವರ್ಷ ಅವರು ತೀರಿಕೊಂಡಾಗ ಹಾರ ಹಾಕಿ, ಹಿಂದಿನ ಸಾಲಿನಲ್ಲಿ ನಿಂತು, ಬೇಗ ಬಂದುಬಿಟ್ಟೆ.

ಬೀರು ಖಾಲಿ ಮಾಡಿದ ಸಂಜೆ ಡಬ್ಬಿ ಹಿಡಿದು ಸ್ಟುಡಿಯೋಗೆ ಹೋದೆ. ಅಲ್ಲಿ ಈಗ ಅವರ ಹೆಂಡತಿ ಝೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ನಿಂತಲ್ಲೇ ಎಲ್ಲ ಹೇಳಿದೆ. ಫೋನು, ಮಸುಕು ಕೆಂಪು, ಹತ್ತಿರದಿಂದ ನೋಡಿ ಅಂದದ್ದು, ಹಾಸನದಲ್ಲಿ ಬಾಯಿ ಮುಚ್ಚಿಕೊಂಡದ್ದು. ಅವರು ಮಷಿನ್ನಿನ ಮುಚ್ಚಳ ಇಳಿಸಿ ನನ್ನನ್ನು ನೋಡಿದರು.

“ಗ್ರಹಣುದ್ ದಿನ ಅವ್ರು ಬಾಗ್ಲಾಕ್ಕಂಡು ನಮ್ಮನೇಲೇ ಮನ್ಗಿದ್ರು ಮೇಡಂ. ಗ್ರಹಣ ಬುಟ್ ಮ್ಯಾಕೇ ಎದ್ದು ನೀರುಯ್ಕಂಡಿದ್ದು. ನಂಗೊತ್ತಿಲ್ವಾ? ಯಾರ್ಗೋಸ್ಕರವೋ ಸುಳ್ಳೇಳ್ತಾವ್ರೆ ಅಂತ ಅವತ್ತೇ ಗೊತ್ತಿತ್ತು. ಯಾರ್ಗೆ ಅಂತ ಒಂದಿನಾನೂ ಏಳ್ನಿಲ್ಲ.”

ನಾನು ಅತ್ತೆ. ಅವರು ಡಬ್ಬಿ ತೆಗೆದುಕೊಂಡು ಮುಚ್ಚಳದ ಮೇಲಿನ ಅಕ್ಷರದ ಮೇಲೆ ಬೆರಳಾಡಿಸಿ, ಮತ್ತೆ ನನ್ನ ಕೈಗಿಟ್ಟರು.

ಸೋಮವಾರ ಹುಡುಗರನ್ನು ಹಿಂದೆ ನಿಲ್ಲಿಸಿ, ಕೈಗೆ ತಾಮ್ರದ ತಂತಿ ಸುತ್ತಿಕೊಂಡು, ಆ ಬೆಳಕನ್ನು ಹೊಸ ಸುಣ್ಣದ ಗೋಡೆಗೆ ಬಿಟ್ಟೆ. ಫೋನಿನಲ್ಲಿ ಮಾತ್ರ ಕುಕ್ಕುವ ಆ ಚುಕ್ಕೆಯನ್ನು ತೋರಿಸಿ ಎಲ್ಲ ಹೇಳಿದೆ. ಸ್ಟುಡಿಯೋದವರು ಗ್ರಹಣ ನೋಡಲಿಲ್ಲ, ನನ್ನ ಮಾತು ಕೇಳಿದರು ಎಂದೆ. ಹುಡುಗರು ಮನೆಗೆ ಹೋಗಿ ಹೇಳಿರುತ್ತಾರೆ, ಊರಿಗೂ ಗೊತ್ತಾಗಿರುತ್ತದೆ. ಅವರು ಎಡಗಣ್ಣಿಗೆ ಕ್ಯಾಮರಾ ಹಿಡಿದು, ಊರಿನವರ ಬುದ್ಧಿಮಾತು ಕೇಳುತ್ತಾ ತಲೆ ತಗ್ಗಿಸಿ ನಿಲ್ಲುತ್ತಿದ್ದಾಗಲೇ ಇದನ್ನು ಹೇಳಬೇಕಿತ್ತು.